ಬೇಲಿ ದಾಟಿದ ಸೋಪಿನ ಬಿಲ್ಲೆ

ಉಯ್ಯಂಬಳ್ಳಿಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟದ ಬೇಲಿ. ಸಾರಿನ ಬಟ್ಟಲು, ಕರಿಬೇವು, ಹೆಪ್ಪಿಗೆ ಮಜ್ಜಿಗೆ, ಊರಿನ ಸುದ್ದಿ ಎಲ್ಲವೂ ಅದರ ಮೇಲೆಯೇ ದಾಟುತ್ತವೆ. ಮೊನ್ನೆ ದಾಟಿದ್ದು ಸೋಪು.

ಮೈಸೂರಿನಲ್ಲಿ ನೆಂಟರ ಮದುವೆಯಿತ್ತು. ಗಂಡಿನ ಕಡೆಯವರು ನಮ್ಮನ್ನೆಲ್ಲ ಎರಡು ರಾತ್ರಿ ಹೋಟೆಲಿನಲ್ಲಿ ಇಳಿಸಿದ್ದರು. ಮೊದಲ ದಿನ ಬಿಚ್ಚಿದ ಸೋಪು ಅರ್ಧವೂ ಸವೆದಿರಲಿಲ್ಲ, ಎರಡನೆಯ ದಿನ ಅದರ ಪಕ್ಕದಲ್ಲೇ ಹೊಸದೊಂದು ಬಂದು ಕೂತಿತ್ತು. ಬೆರಳುದ್ದದ ಶಾಂಪೂ ಬಾಟಲಿ, ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ, ಬಾಚಣಿಗೆ, ಪುಟ್ಟ ಪೇಸ್ಟಿನ ಜೊತೆ ಬ್ರಷ್ಷು. ಬಿಚ್ಚದ್ದನ್ನೂ ಬಿಚ್ಚಿದ್ದನ್ನೂ ಚೀಲಕ್ಕೆ ಹಾಕಿಕೊಂಡು ಬಂದೆ. ಬಿಚ್ಚದ ಸೋಪೊಂದನ್ನು ಬೇಲಿಯಾಚೆಯ ದೊಡ್ಡಮ್ಮನ ಕೈಗಿಟ್ಟೆ.

"ಇದೇನವ್ವ, ಮಕ್ಕಳಾಟದ ಸಾಮಾನಿದ್ದಂಗದೆ" ಅಂದರು.

"ಹೋಟ್ಲಲ್ಲಿ ಕೊಟ್ಟಿದ್ದು ದೊಡ್ಡಮ್ಮ."

"ಇದು ಸರಿ. ಅರ್ಧ ಬಳಸಿ ಬುಟ್ಟು ಬತ್ತಾರಲ್ಲ, ಅದನ್ನ ಏನ್ ಮಾಡ್ತಾರೆ?"

ನಮ್ಮ ಕಡೆಯ ಹೋಟೆಲುಗಳಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹಬ್ಬಕ್ಕೆಂದು ಬಂದಿದ್ದ ಅವರ ಮೊಮ್ಮಗಳಿಗೆ. ಬೆಂಗಳೂರಿನ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ ಅವಳದು. ಒದ್ದೆ ಕೂದಲು ಒಣಗಿಸಿಕೊಳ್ಳುತ್ತಾ ಬೇಲಿಯ ಹತ್ತಿರ ಬಂದಳು.

"ಗೆಸ್ಟು ರೂಮು ಖಾಲಿ ಮಾಡಿದ ಮೇಲೆ ಒಂದ್ಸಲ ನೀರು ತಾಗಿದ ಸೋಪೂ ಕಸಕ್ಕೇ ಅಕ್ಕ. ಮುಚ್ಚಳ ತೆಗೆದ ಶಾಂಪೂನೂ ಕಸಕ್ಕೇ. ಸೀಲ್ ಹಂಗೇ ಇದ್ರೆ ಮಾತ್ರ ವಾಪಸ್ ಟ್ರಾಲಿಗೆ."

"ಮುಕ್ಕಾಲು ಬಾಟ್ಲಿ ಇದ್ರೂನಾ?"

"ಒಂದು ತೊಟ್ಟು ಕಮ್ಮಿ ಇದ್ರೂ ಅಷ್ಟೆ. ಒಳಗೆ ಯಾರು ಏನು ಬೆರೆಸವ್ರೋ ಅಂತ ಇನ್ನೊಬ್ಬರಿಗೆ ಇಡಂಗಿಲ್ಲ."

"ನೀವೇ ಮನೆಗೆ ತಂದ್ಕಬೋದಲ್ಲ?" ಎಂದು ಕೇಳಿಬಿಟ್ಟೆ. ಅವಳ ಮುಖ ಸಣ್ಣದಾಯಿತು. "ಡ್ಯೂಟಿ ಮುಗ್ಸಿ ಹೊರಡೋವಾಗ ಗೇಟಲ್ಲಿ ಬ್ಯಾಗು ಬಿಚ್ಚಿ ನೋಡ್ತಾರೆ. ಪಾಸ್ ಇಲ್ದಿದ್ರೆ ಕಸದಿಂದ ಎತ್ಕೊಂಡಿದ್ರೂ ಕಳ್ಳಿ ಅನ್ನಿಸ್ಕೋಬೇಕು. ಒಂದ್ಸಲ ಒಬ್ಬರು ಅಜ್ಜಿ ಸೋಪು, ಬಿಸ್ಕತ್ತು ಎಲ್ಲಾ ಒಂದು ಕಡೆ ಜೋಡಿಸಿ, 'ರೂಮು ಗುಡಿಸೋ ಹುಡುಗಿಗೆ' ಅಂತ ಚೀಟಿ ಬರೆದಿಟ್ಟು ಹೋಗಿದ್ರು. ಆ ಚೀಟಿ ತೋರ್ಸಿ ಸೂಪರ್‌ವೈಸರ್ ಹತ್ರ ಸೈನ್ ಹಾಕಿಸ್ಕೊಂಡು ತಂದೆ. ಅವತ್ತು ಯಾರೂ ಏನೂ ಕೇಳಲಿಲ್ಲ."

ದೊಡ್ಡಮ್ಮನಿಗೆ ಚೀಟಿಗಿಂತ ಹೆಚ್ಚಾಗಿ ಕಸದ ಮಾತು ಚುಚ್ಚಿತು. ಅವರ ಬಚ್ಚಲ ಗೂಡಿನಲ್ಲಿ ಸೋಪಿನ ಒಂದು ಚೂರೂ ವ್ಯರ್ಥವಾಗುವುದಿಲ್ಲ. ಸವೆದು ಎಲೆಯಷ್ಟು ತೆಳ್ಳಗಾದ ಬಿಲ್ಲೆಯನ್ನು ಒದ್ದೆ ಮಾಡಿ ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸುತ್ತಾರೆ. ಅಂಟದ ಚೂರುಗಳು ಹಳೆಯ ಬಟ್ಟೆಯ ಗಂಟಿಗೆ ಹೋಗಿ ಕೈ ತೊಳೆಯಲು ಒದಗುತ್ತವೆ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳುವಿನ ಮನೆಗೆ ಕಾಲಿಡುವ ಮುಂಚೆ ಕೈ ತೊಳೆಯದವರು ಯಾರೇ ಆದರೂ ಅವರಿಂದ ಬೈಸಿಕೊಳ್ಳಲೇಬೇಕು. ನಾನು ಕೊಟ್ಟ ಸೋಪನ್ನು ಮೂಸಿ ನೋಡಿ, "ಇದು ಮೀಯಕ್ಕೆ ಆಯ್ತದೆ. ಹುಳಿನ ಮನೆ ಬಾಗ್ಲಲ್ಲಿ ಬ್ಯಾಡ, ಘಾಟು ಜಾಸ್ತಿ" ಎಂದು ಸೆರಗಿಗೆ ಗಂಟು ಹಾಕಿಕೊಂಡರು.

ನಾನೊಂದು ಲೆಕ್ಕ ಹಾಕಿ ತೋರಿಸಿದೆ. ನೂರು ರೂಮಿನ ಒಂದು ಹೋಟೆಲು ಅಂತ ಇಟ್ಟುಕೊಳ್ಳಿ. ದಿನಕ್ಕೆ ರೂಮಿಗೊಂದರಂತೆ 20 ಗ್ರಾಮಿನ ಸೋಪು ಬಿಚ್ಚಿ, ಅರ್ಧ ಉಳಿದರೆ ದಿನಕ್ಕೆ ಒಂದು ಕೆ.ಜಿ. ಆಯಿತು. ವರ್ಷಕ್ಕೆ 365 ಕೆ.ಜಿ. ದೊಡ್ಡಮ್ಮ ಬೆರಳು ಮಡಿಚುತ್ತಾ, "ನೂರು ಚಿಟ್ಟೆ ಇಟ್ಟ ಮೊಟ್ಟೆ ಸಾಕಿದ್ರೆ ಎಪ್ಪತ್ತು ಕೆಜಿ ಗೂಡು. ಹಂಗಾದ್ರೆ ಐದು ಬೆಳೆ ಗೂಡಿನ ತೂಕ ಕಣವ್ವ!" ಅಂದರು. ಐದು ಬೆಳೆಗೆ ಎಷ್ಟು ಹೊರೆ ಹಿಪ್ಪುನೇರಳೆ ಸೊಪ್ಪು, ಎಷ್ಟು ರಾತ್ರಿಯ ನಿದ್ದೆ ಹೋಗುತ್ತದೆ ಎಂಬುದು ಗೊತ್ತಿರುವವರಿಗೆ ಆ ತೂಕ ಬೇರೆ ರೀತಿಯಲ್ಲೇ ತಿಳಿಯುತ್ತದೆ.

ಆಗ ಅವರಿಗೆ ಡೆರೆಕ್ ಕಯೊಂಗೊ ಎಂಬುವರ ಕತೆ ಹೇಳಿದೆ. ಅವರು ಹುಟ್ಟಿದ್ದು ಉಗಾಂಡದಲ್ಲಿ. ತಂದೆ ಸೋಪು ತಯಾರಿಸುವವರು. ಅಲ್ಲಿನ ಸರ್ವಾಧಿಕಾರಿ ಇದಿ ಅಮೀನನ ಕಾಲದಲ್ಲಿ ಸಂಸಾರವೇ ದೇಶ ಬಿಟ್ಟು ಕೀನ್ಯಾಕ್ಕೆ ಹೋಗಬೇಕಾಯಿತು. ಮುಂದೆ ಕಯೊಂಗೊ ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಇಳಿದಾಗ ಬಚ್ಚಲಲ್ಲಿ ಒಂದಲ್ಲ, ಮೂರು ಸೋಪು. ಎತ್ತಿಟ್ಟುಕೊಂಡರೆ ಮಾರನೆಯ ದಿನ ಮತ್ತೆ ಹೊಸದು. ದುಡ್ಡು ಕೇಳಿಯಾರೆಂದು ಹೆದರಿ ಹಿಂದಕ್ಕೆ ಕೊಡಲು ಹೋದಾಗ, ಬಳಸಿದ್ದನ್ನು ದಿನವೂ ಬಿಸಾಡುತ್ತಾರೆ ಎಂಬುದು ತಿಳಿಯಿತು. ನಿರಾಶ್ರಿತರ ಶಿಬಿರಗಳಲ್ಲಿ ಸೋಪಿಲ್ಲದ ಬದುಕನ್ನು ಕಂಡಿದ್ದ ಆ ಮನುಷ್ಯ ತಂದೆಗೆ ಫೋನು ಮಾಡಿ ಸಂಕಟ ಹೇಳಿಕೊಂಡರು. 2009ರಲ್ಲಿ ಅಟ್ಲಾಂಟಾದಲ್ಲಿ ಗ್ಲೋಬಲ್ ಸೋಪ್ ಪ್ರಾಜೆಕ್ಟ್ ಶುರುಮಾಡಿದರು. ಹೋಟೆಲುಗಳ ಸೋಪು ಕೂಡಿಸಿ, ಶುದ್ಧ ಮಾಡಿ, ಬಡದೇಶಗಳಿಗೆ ಕಳಿಸುವ ಕೆಲಸ.

ಅದೇ ವರ್ಷ ಒರ್ಲಾಂಡೊ ಊರಿನಲ್ಲಿ ಶಾನ್ ಸೈಪ್ಲರ್ ಮತ್ತು ಅವರ ಮನೆಮಂದಿ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕೂತು, ಆಲೂಗಡ್ಡೆ ಸಿಪ್ಪೆ ಹೆರೆಯುವ ಪೀಲರಿನಿಂದಲೇ ಸೋಪಿನ ಮೇಲ್ಪದರ ಹೆರೆದರು. ಮಾಂಸ ಕೊಚ್ಚುವ ಯಂತ್ರದಲ್ಲಿ ಪುಡಿಮಾಡಿ, ಬೇಯಿಸಿ, ಹೊಸ ಬಿಲ್ಲೆ ಮಾಡಿದರು. ಕ್ಲೀನ್ ದಿ ವರ್ಲ್ಡ್ ಎಂಬ ದೊಡ್ಡ ಸಂಸ್ಥೆ ಹುಟ್ಟಿದ್ದು ಹೀಗೆ. ನಮ್ಮ ಮುಂಬಯಿಯಲ್ಲೂ ಸುಂದರ ಎಂಬ ಸಂಸ್ಥೆ ಹೋಟೆಲುಗಳಿಂದ ಸೋಪು ತರಿಸಿ ಹೆಂಗಸರಿಗೆ ಕೆಲಸ ಕೊಟ್ಟಿತು. ಅವರ ಕೈಯಲ್ಲಿ ಹೊಸದಾದ ಸೋಪು ಬಡಮಕ್ಕಳ ಕೈ ಸೇರಿತು.

"ಸಿಪ್ಪೆ ಹೆರೆಯದಾ? ನಾವೂ ಮಾಡ್ಬೋದಲ್ಲ!" ದೊಡ್ಡಮ್ಮನ ಕಣ್ಣು ಅರಳಿತು. ನಾನು ಬೇಡವೆಂದೆ. ನಮ್ಮ ಮನೆಯ ಚೂರನ್ನು ನಾವು ಒತ್ತಿ ಅಂಟಿಸುವುದು ಬೇರೆ. ಗುರುತಿಲ್ಲದ ನೂರು ಜನ ಮೈಗೆ ಹಚ್ಚಿದ್ದನ್ನು ಮಕ್ಕಳಿಗೆ ಕೊಡುವುದಾದರೆ ಹೆರೆದು, ಶಾಖ ಕೊಟ್ಟು, ಪರೀಕ್ಷೆ ಮಾಡಿಸಿ ಕೊಡಬೇಕು; ಅದು ಕಾರ್ಖಾನೆಯ ಕೆಲಸ. ಇನ್ನು ಮನೆಯೊಳಗಿನ ಸೋಪಿನ ಮಾತಿಗೆ ಬಂದರೆ, 1988ರಲ್ಲಿ ಅಮೆರಿಕದ ಸೋಪು ಕಂಪನಿಯೊಂದರ ವಿಜ್ಞಾನಿಗಳು ಬೇಕೆಂದೇ ಸೋಪಿನ ಬಿಲ್ಲೆಗಳಿಗೆ ರೋಗಾಣು ಸವರಿ, ಆ ಬಿಲ್ಲೆಗಳಿಂದ 16 ಜನರ ಕೈ ತೊಳೆಸಿದರು. ತೊಳೆದ ಕೈಗಳಲ್ಲಿ ಆ ರೋಗಾಣು ಪತ್ತೆಯಾಗುವಷ್ಟು ಸಿಗಲಿಲ್ಲ. ಪರೀಕ್ಷೆ ಮಾಡಿದವರೇ ಸೋಪು ಮಾರುವವರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಂಬಬೇಕಾದ ಮಾತು. ಆದರೂ ಒಂದು ಮನೆಯ ನಾಲ್ಕು ಜನ ಒಂದೇ ಸೋಪು ಬಳಸಿದರೆ ಗಾಬರಿಪಡಬೇಕಾಗಿಲ್ಲ ಎಂಬಷ್ಟು ಧೈರ್ಯವನ್ನು ಅದು ಕೊಡುತ್ತದೆ.

ಉಳಿದದ್ದನ್ನು ಉಳಿಸಿಕೊಂಡ ಕತೆ ನಮ್ಮ ನಾಡಿನ ಸೋಪಿಗೇ ಇದೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರ ಎಣ್ಣೆ ತೆಗೆಯಲು ಯುರೋಪಿಗೆ ಹೋಗುತ್ತಿತ್ತು. ಯುದ್ಧ ಬಂತು, ಹಡಗು ನಿಂತವು, ಕೊಳ್ಳುವವರಿಲ್ಲದೆ ಗಂಧದ ಕೊರಡುಗಳ ರಾಶಿ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಇಲ್ಲೇ ಎಣ್ಣೆ ತೆಗೆಸಿದರು. ರಸಾಯನಶಾಸ್ತ್ರ ಬಲ್ಲ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದನ್ನು ಸೋಪಿಗೆ ಸೇರಿಸುವ ಹದ ಕಂಡುಹಿಡಿದರು. ಮೈಸೂರು ಸ್ಯಾಂಡಲ್ ಸೋಪು ಬಂದದ್ದು ಆ ರಾಶಿಯಿಂದ. ಇದನ್ನು ಕೇಳಿದ ದೊಡ್ಡಮ್ಮ, "ಅದಕ್ಕೇ ಅದು ಅಷ್ಟು ಕಾಲ ಬಂದದೆ" ಅಂದರು. ಅವರ ತೀರ್ಪು ನನಗೂ ಒಪ್ಪಿಗೆ.

ಶಾಂಪೂ ಬಾಟಲಿಯದು ಬೇರೆಯೇ ಫಜೀತಿ. ಸೋಪು ಕರಗಿಯಾದರೂ ಹೋಗುತ್ತದೆ, ಪ್ಲಾಸ್ಟಿಕ್ಕು ಎಲ್ಲಿಗೆ ಹೋಗಬೇಕು? ಗೋಡೆಗೆ ದೊಡ್ಡ ಬಾಟಲಿ ಜಡಿದು, ಒತ್ತಿದರೆ ಬೇಕಾದಷ್ಟೇ ಬರುವಂತೆ ಮಾಡುವುದು ಈಗಿನ ದಾರಿ. 2019ರಲ್ಲಿ ಐಎಚ್‌ಜಿ, ಮ್ಯಾರಿಯಟ್‌ನಂಥ ದೊಡ್ಡ ಹೋಟೆಲ್ ಕಂಪನಿಗಳು ಚಿಕ್ಕ ಬಾಟಲಿ ಕೈಬಿಡುವುದಾಗಿ ಹೇಳಿದವು. ಇದರಿಂದ ವರ್ಷಕ್ಕೆ ಸುಮಾರು 50 ಕೋಟಿ ಬಾಟಲಿ ಕಸಕ್ಕೆ ಹೋಗುವುದು ತಪ್ಪುತ್ತದೆ ಎಂಬುದು ಮ್ಯಾರಿಯಟ್‌ನವರ ಲೆಕ್ಕ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಕಾನೂನನ್ನೇ ಮಾಡಿ, 50ಕ್ಕಿಂತ ಹೆಚ್ಚು ರೂಮಿರುವ ಹೋಟೆಲುಗಳಿಗೆ 2023ರಿಂದ, ಉಳಿದವಕ್ಕೆ 2024ರಿಂದ ಜಾರಿಗೆ ತಂದಿತು. ತಮ್ಮ ಹೋಟೆಲಿಗೂ ಗೋಡೆ ಬಾಟಲಿ ಬಂದಿದೆ ಎಂದಳು ಮೊಮ್ಮಗಳು. ಬೀಗ ಇರುವ ಬಾಟಲಿಯೇ ಆಗಬೇಕು, ಇಲ್ಲದಿದ್ದರೆ ಜನ ನಂಬುವುದಿಲ್ಲ ಎಂದೂ ಸೇರಿಸಿದಳು. ಒಳ್ಳೆಯ ದಾರಿ, ನಮ್ಮ ಕಡೆಯ ಎಲ್ಲ ಹೋಟೆಲುಗಳಿಗೂ ಬರಲಿ.

ಸಣ್ಣ ಲಾಡ್ಜುಗಳಲ್ಲಿ ಬಾಟಲಿಯೂ ಇಲ್ಲ, ಶಾಂಪೂ ಪ್ಯಾಕೆಟ್ಟು. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಎಂಬುವರು ಶಾಂಪೂವನ್ನು ಪ್ಯಾಕೆಟ್ಟಿಗೆ ತುಂಬಿ ಮಾರಿ, ಬಡವರ ಕೈಗೂ ಎಟುಕುವಂತೆ ಮಾಡಿದರು. ಅದು ದೊಡ್ಡ ಉಪಕಾರವೇ. ಆದರೆ ಬಳಸಿದ ಪ್ಯಾಕೆಟ್ಟನ್ನು ನೋಡಬೇಕೆಂದರೆ ನಮ್ಮೂರಿನ ಕಡೆಯಿಂದ ಸಂಗಮಕ್ಕೆ ಬನ್ನಿ. ಅರ್ಕಾವತಿ ಕಾವೇರಿಯನ್ನು ಸೇರುವ ಜಾಗ. ರಜೆಯ ದಿನ ಸ್ನಾನ ಮಾಡಿ ಹೋದವರ ಹಿಂದೆ ಬಂಡೆಯ ಸಂದುಗಳಲ್ಲಿ ಹರಿದ ಪ್ಯಾಕೆಟ್ಟು, ಸೋಪಿನ ಸುತ್ತು, ಅರ್ಧ ಕರಗಿದ ಬಿಲ್ಲೆ. ಅದು 1987ರಿಂದ ಕಾವೇರಿ ವನ್ಯಧಾಮದ ನೀರು. ಅದರಲ್ಲಿ ನೀರುನಾಯಿಗಳಿವೆ, ಮೊಸಳೆಗಳಿವೆ, ಮಹಶೀರ್ ಮೀನಿವೆ. ಹೋಟೆಲಿನಿಂದ ತಂದದ್ದನ್ನು ಮುಗಿಸುವ ಜಾಗ ಅದಲ್ಲ. ಹೊಳೆಯಲ್ಲಿ ಬರೀ ಮುಳುಗೆದ್ದು ಬನ್ನಿ, ಸೋಪು ಮನೆಯ ಬಚ್ಚಲಲ್ಲಿರಲಿ. ಇದನ್ನು ಹೇಳುವಾಗ ನನ್ನ ದನಿ ಏರಿತೆಂದು ಕಾಣುತ್ತದೆ, ದೊಡ್ಡಮ್ಮ "ಅಲ್ಲಿಗೆ ಬಂದೋರಿಗೇ ಹೇಳವ್ವ" ಅಂದರು. ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಹಾಗಾದರೆ ಚೀಲದಲ್ಲಿ ತಂದದ್ದನ್ನು ಏನು ಮಾಡುವುದು? ಬೀರುವಿನಲ್ಲಿ ಕೂಡಿಡುವುದಂತೂ ಬೇಡ. ನನ್ನಲ್ಲಿದ್ದ ಹಳೆಯ ಬಾಟಲಿಯೊಂದನ್ನು ತೆಗೆದರೆ ಒಳಗಿನದು ಮೊಸರೊಡೆದಂತೆ ಬೇರೆಯಾಗಿತ್ತು. ಬಾಚಣಿಗೆ ತಿಕ್ಕಲು ಬಳಸಿದೆ. ಸೀಲಾದ ಪುಟ್ಟ ಸೋಪಿಗೆ ಸರಿಯಾದ ಜಾಗ ಆಸ್ಪತ್ರೆ. ನಮ್ಮ ಕಡೆಯ ಹಳ್ಳಿಗಳಿಂದ ರಾತ್ರೋರಾತ್ರಿ ಕನಕಪುರಕ್ಕೋ ಬೆಂಗಳೂರಿಗೋ ರೋಗಿಯನ್ನು ಕರೆದುಕೊಂಡು ಓಡುವವರು ಟವೆಲ್ಲು, ಸೋಪು ನೆನೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಬೆಳಗ್ಗೆ ನಲ್ಲಿಯ ಮುಂದೆ ಬರಿಗೈಯಲ್ಲಿ ನಿಂತ ಹೆಂಗಸಿಗೆ ಆ ಬಿಲ್ಲೆ ಎಷ್ಟು ದೊಡ್ಡದು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಲೆಗೂ ಕೊಡಬಹುದು, ಬಿಸಿಯೂಟದ ಮುಂಚೆ ಮಕ್ಕಳು ಕೈ ತೊಳೆಯಲಿಕ್ಕೆ. ಮೊದಲು ಮೇಷ್ಟ್ರನ್ನು ಕೇಳಿ, ತಾರೀಕು ನೋಡಿ ಕೊಡಿ. ಬಿಚ್ಚಿದ್ದನ್ನು ಯಾರಿಗೂ ಕೊಡಬೇಡಿ. ಅದು ನಿಮ್ಮದು, ನೀವೇ ಮುಗಿಸಬೇಕು.

ಟವೆಲ್ಲು, ಹ್ಯಾಂಗರು, ನೀರು ಕಾಯಿಸುವ ಕೆಟಲು ಹೋಟೆಲಿನವು, ಮುಟ್ಟಬಾರದು. ಸೋಪಿನ ದುಡ್ಡು ನಿಮ್ಮ ಬಾಡಿಗೆಯಲ್ಲೇ ಸೇರಿದೆ, ತರಲು ನಾಚಿಕೆ ಬೇಡ. ಎರಡನೆಯ ದಿನ ಹೊಸದು ಇಟ್ಟರೂ ಬಿಚ್ಚದೆ ಹಳೆಯದನ್ನೇ ಬಳಸಿ.

ಹೊರಡುವ ಬೆಳಗ್ಗೆ ಇನ್ನೊಂದು ಕೆಲಸ ಮಾಡಿ. ನೀವು ಒಯ್ಯದ, ಸೀಲು ಒಡೆಯದ ಸಾಮಾನನ್ನು ಮೇಜಿನ ಮೇಲೆ ಒಂದು ಕಡೆ ಜೋಡಿಸಿ, ಚೀಟಿ ಬರೆದಿಡಿ: ಇವು ಈ ರೂಮು ಶುಚಿ ಮಾಡುವವರಿಗೆ. ಕೆಳಗೆ ರೂಮಿನ ನಂಬರು, ತಾರೀಕು, ನಿಮ್ಮ ಸಹಿ. ಗೇಟಿನಲ್ಲಿ ಅವರ ಬ್ಯಾಗು ಬಿಚ್ಚಿದಾಗ ಆ ಚೀಟಿ ಅವರ ಕೈಯಲ್ಲಿರಲಿ.