ತಲೆ ತಗ್ಗಿಸಿ ನೋಡುವ ಊರು

ಯುರೋಪಿನ ಹಳೆಯ ರಾಜಧಾನಿಯೊಂದಕ್ಕೆ ಎರಡು ದಿನದ ಮಟ್ಟಿಗೆ ಹೋಗಿಬರುತ್ತೇನೆ ಎಂದು ಬಾಯಿಬಿಟ್ಟರೆ ಸಾಕು, ಸಲಹೆ ಕೊಡುವವರು ಸಾಲುಗಟ್ಟುತ್ತಾರೆ. ಊರು ಪ್ರಾಗ್ ಆಗಿದ್ದರಂತೂ ಪಟ್ಟಿ ಎಲ್ಲರ ನಾಲಿಗೆಯ ಮೇಲೇ ಇರುತ್ತದೆ: ಕೋಟೆ ನೋಡಿ, ಚಾರ್ಲ್ಸ್ ಸೇತುವೆ ನೋಡಿ, ಗಡಿಯಾರ ನೋಡಿ, ಬಿಯರ್ ಕುಡಿಯಿರಿ, ಕುಡಿಯದವರು ಕುಡಿದವರನ್ನು ನೋಡಿ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ, ಅದರಲ್ಲಿರುವುದೆಲ್ಲ ನೋಡತಕ್ಕದ್ದೇ. ತೊಂದರೆ ಇರುವುದು ನೋಡುವ ರೀತಿಯಲ್ಲಿ. ಎರಡು ದಿನದ ಪ್ರವಾಸಿ ಗೋಪುರದಿಂದ ಗೋಪುರಕ್ಕೆ ಓಡುತ್ತಾನೆ. ಆರತಕ್ಷತೆಯಲ್ಲಿ ವಧೂವರರ ಪಕ್ಕ ಒಂದು ಗಳಿಗೆ ನಿಂತು, ಫೋಟೊಗೆ ಹಲ್ಲುಕಿರಿದು, ಊಟದ ಹಾಲಿಗೆ ದೌಡಾಯಿಸುವ ಅತಿಥಿಯ ಹಾಗೆ. ಹೀಗೆ ಕತ್ತೆತ್ತಿ ನೋಡಿ ನೋಡಿ ಕತ್ತುನೋವು ಸಂಪಾದಿಸಿ ಬಂದವರಿಗೆ ಆರು ತಿಂಗಳಲ್ಲಿ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರೂ ಕಲಸಿಹೋದರೆ ಆಶ್ಚರ್ಯಪಡಬೇಕಾಗಿಲ್ಲ. ನನ್ನ ವಾದವೇ ಬೇರೆ. ಎರಡೇ ದಿನವಿದ್ದರೆ ಪ್ರಾಗ್‌ನಲ್ಲಿ ನಿಂತಿರುವುದರ ಗೊಡವೆ ಬಿಟ್ಟು ಬಿದ್ದದ್ದನ್ನು ಹುಡುಕಿಕೊಂಡು ಹೋಗಬೇಕು. ಎಲ್ಲಿ ಯಾರು ಬಿದ್ದರು, ಯಾವುದು ಉರುಳಿತು, ತಳ್ಳಿದವರು ಯಾರು ಎಂದು ಕೇಳುತ್ತ ನಡೆದರೆ ಆರು ನೂರು ವರ್ಷದ ಚರಿತ್ರೆ ತಾನಾಗಿಯೇ ಕಾಲಬುಡಕ್ಕೆ ಬರುತ್ತದೆ.

ಮೊದಲ ಸಾಕ್ಷಿ ಕಿಟಕಿಗಳದ್ದು. ಮಿಕ್ಕ ಊರುಗಳಲ್ಲಿ ಕಿಟಕಿ ಇರುವುದು ಗಾಳಿ ಬೆಳಕಿಗೆ. ಪ್ರಾಗ್‌ನಲ್ಲಿ ಅದಕ್ಕೆ ರಾಜಕೀಯ ಉಪಯೋಗವೂ ಇತ್ತು. ಧರ್ಮಸುಧಾರಕ ಯಾನ್ ಹುಸ್‌ನನ್ನು 1415ರಲ್ಲಿ ಸುಟ್ಟು ಕೊಂದ ಸಿಟ್ಟು ಆರದೇ ಇದ್ದ ಅವನ ಅನುಯಾಯಿಗಳು 1419ರ ಜುಲೈ 30ರಂದು ಹೊಸ ಪಟ್ಟಣದ ಪುರಭವನಕ್ಕೆ ನುಗ್ಗಿ ನಗರಸಭೆಯ ಸದಸ್ಯರನ್ನು ಕಿಟಕಿಯಿಂದ ಕೆಳಕ್ಕೆ ಎಸೆದರು. ಹಿಂದೆಯೇ ಹುಸ್ಸೈಟ್ ಯುದ್ಧಗಳು ಶುರುವಾದವು. ಎರಡು ಶತಮಾನದ ಮೇಲೆ, 1618ರ ಮೇ 23ರಂದು, ಅದೇ ಪ್ರಯೋಗ ಕೋಟೆಯ ಹಳೆಯ ಅರಮನೆಯಲ್ಲಿ ನಡೆಯಿತು. ಪ್ರೊಟೆಸ್ಟೆಂಟ್ ಸರದಾರರು ಕ್ಯಾಥೊಲಿಕ್ ಚಕ್ರವರ್ತಿಯ ಪ್ರತಿನಿಧಿಗಳಾದ ಸ್ಲಾವಾಟಾ ಮತ್ತು ಮಾರ್ಟಿನಿಟ್ಸ್‌ರನ್ನು ಎತ್ತಿ ಹೊರಗೆ ಹಾಕಿದರು. ಹೇಗೂ ಕೈ ಹಾಕಿದ್ದಾಯಿತಲ್ಲ ಎಂದು ಫ್ಯಾಬ್ರಿಷಿಯಸ್ ಎಂಬ ಅವರ ಗುಮಾಸ್ತನನ್ನೂ ಹಿಂದೆಯೇ ಕಳಿಸಿದರು. ಇಪ್ಪತ್ತು ಮೀಟರಿನಷ್ಟು ಎತ್ತರದಿಂದ ಬಿದ್ದರೂ ಮೂವರೂ ಬದುಕಿಕೊಂಡರು. ಮೇರಿಮಾತೆ ಕೈಯೊಡ್ಡಿ ಹಿಡಿದಳು ಎಂದರು ಕ್ಯಾಥೊಲಿಕರು. ಕೆಳಗೆ ತಿಪ್ಪೆಯಿತ್ತು ಎಂದರು ಪ್ರೊಟೆಸ್ಟೆಂಟರು. ಮೂವತ್ತು ವರ್ಷಗಳ ಯುದ್ಧಕ್ಕೆ ಇದೇ ನಾಂದಿಯಾಯಿತು. ಕಿಟಕಿಯ ಕೆಳಗಿನ ತೋಟದಲ್ಲಿ ಇಬ್ಬರು ದೊಡ್ಡ ಮನುಷ್ಯರು ಬಿದ್ದ ಜಾಗಕ್ಕೆ ಎರಡು ಕಲ್ಲುಕಂಬಗಳನ್ನು ನಿಲ್ಲಿಸಿದ್ದಾರೆ. ಗುಮಾಸ್ತನಿಗೆ ಕಂಬವಿಲ್ಲ, ಗುಮಾಸ್ತರಿಗೆ ಯಾವ ಕಾಲದಲ್ಲೂ ಕಂಬವಿರುವುದಿಲ್ಲ. ಆದರೆ ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎನ್ನುವ ಹಾಗೆ, ಆತ ವಿಯೆನ್ನಾಕ್ಕೆ ಓಡಿ ಸುದ್ದಿ ಮುಟ್ಟಿಸಿ, ಮುಂದೆ ಶ್ರೀಮಂತ ಪದವಿಯನ್ನೇ ಗಿಟ್ಟಿಸಿಕೊಂಡ. ಜೊತೆಗೆ ಬಂದ ಬಿರುದು 'ಹೋಹೆನ್‌ಫಾಲ್', ಅಂದರೆ ಎತ್ತರದ ಬೀಳು. ಚಕ್ರವರ್ತಿಗಳ ಆಸ್ಥಾನದಲ್ಲೂ ಹಾಸ್ಯಪ್ರಜ್ಞೆ ಇದ್ದವರೊಬ್ಬರು ಇದ್ದರೆಂದು ಕಾಣುತ್ತದೆ.

ಕೋಟೆಯಿಂದ ಇಳಿದರೆ ಸೇತುವೆ. ಎಲ್ಲರೂ ಹೊಗಳುವ ಈ ಚಾರ್ಲ್ಸ್ ಸೇತುವೆ ಹುಟ್ಟಿದ್ದೇ ಒಂದು ಪತನದಿಂದ. ಅದಕ್ಕಿಂತ ಮುಂಚೆ ಇದ್ದ ಯೂಡಿತ್ ಸೇತುವೆಯನ್ನು 1342ರ ನೆರೆ ಕೊಚ್ಚಿಕೊಂಡು ಹೋದ ಮೇಲೆ, 1357ರಲ್ಲಿ ನಾಲ್ಕನೆಯ ಚಾರ್ಲ್ಸ್ ಇದರ ಕೆಲಸ ಶುರುಮಾಡಿಸಿದ. ಇದರದ್ದೂ ಮೂರು ಕಮಾನುಗಳು 1890ರ ನೆರೆಗೆ ಉರುಳಿದವು. ಮೇಲೆ ನಿಂತಿರುವ 30 ವಿಗ್ರಹಸಮೂಹಗಳಲ್ಲಿ ಬಹುಪಾಲು ಈಗ ನಕಲು. ಮೂಲ ವಿಗ್ರಹಗಳು ಮಳೆಗಾಳಿಗೆ ಅಂಜಿ ಮ್ಯೂಸಿಯಂ ಸೇರಿವೆ. ಇಲ್ಲಿ ಸಾಲು ಉದ್ದವಾಗಿರುವುದು ನೆಪೊಮುಕ್‌ನ ಸಂತ ಯಾನ್‌ನ ಮುಂದೆ. ರಾಣಿಯ ಪಾಪನಿವೇದನೆಯ ಗುಟ್ಟು ಬಿಟ್ಟುಕೊಡಲಿಲ್ಲವೆಂದು ರಾಜ ಅವನನ್ನು ಸೇತುವೆಯಿಂದ ನದಿಗೆ ಎಸೆಸಿದ ಎಂಬುದು ಭಕ್ತರ ಕಥೆ. ಚರಿತ್ರಕಾರರ ಪ್ರಕಾರ 1393ರ ಆ ಕೊಲೆಗೆ ಕಾರಣ ಒಂದು ಮಠಕ್ಕೆ ಅಧಿಪತಿ ಯಾರಾಗಬೇಕೆಂಬ ಜಗಳ. ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಸೆಸಿದ ರಾಜ ನಾಲ್ಕನೆಯ ವೆನ್ಸೆಸ್ಲಾಸ್. 1419ರಲ್ಲಿ ಕಿಟಕಿಯಿಂದ ಸದಸ್ಯರು ಬಿದ್ದ ಸುದ್ದಿ ಕೇಳಿ ಆಘಾತಗೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡವನೂ ಇವನೇ. ತಾನು ಹಾಕಿಕೊಟ್ಟ ಪಾಠವನ್ನು ಪ್ರಜೆಗಳು ಇಪ್ಪತ್ತಾರು ವರ್ಷದಲ್ಲಿ ಇಷ್ಟು ಚೆನ್ನಾಗಿ ಕಲಿತಾರೆಂದು ಪಾಪ ಅವನಿಗೆ ಹೊಳೆದಿರಲಿಲ್ಲ. ಸಂತನ ವಿಗ್ರಹದ ಪೀಠದಲ್ಲಿ ಎರಡು ಕಂಚಿನ ಫಲಕಗಳಿವೆ. ಒಂದರಲ್ಲಿ ರಾಣಿಯ ನಿವೇದನೆ, ಹಿನ್ನೆಲೆಯಲ್ಲಿ ಸೇತುವೆಯಿಂದ ಬೀಳುತ್ತಿರುವ ಯಾನ್; ಮುಟ್ಟಿದರೆ ಒಳಿತಾಗುತ್ತದೆಂಬ ನಂಬಿಕೆಯಿಂದ ಸಾವಿರಾರು ಕೈಗಳು ಉಜ್ಜಿ ಉಜ್ಜಿ, ಕಪ್ಪಗಾದ ಫಲಕದಲ್ಲಿ ಆ ಭಾಗ ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಇನ್ನೊಂದರಲ್ಲಿ ಒಬ್ಬ ಸೈನಿಕ ತನ್ನ ನಾಯಿಯ ಮೈ ಸವರುತ್ತಿದ್ದಾನೆ. ಆ ನಾಯಿಯೂ ಅಷ್ಟೇ ಹೊಳೆಯುತ್ತದೆ. ಅದು ಎಲ್ಲಿಂದಲೂ ಬಿದ್ದಿಲ್ಲ, ಯಾರ ಗುಟ್ಟನ್ನೂ ಕಾಪಾಡಿಲ್ಲ. ಆದರೂ ಜನ ಯಾವುದಕ್ಕೂ ಇರಲಿ ಎಂದು ಅದಕ್ಕೂ ಒಂದು ಅರ್ಜಿ ಹಾಕಿ ಹೋಗುತ್ತಾರೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಬಿದ್ದುಹೋದದ್ದು ಇಲ್ಲವಾದ ಮೇಲೆ ನೋಡುವುದೇನನ್ನು? ಬರಿಯ ಬಯಲಿನ ಫೋಟೊ ತೆಗೆದುಕೊಂಡು ಬಂದರೆ ಮನೆಯಲ್ಲಿ ಏನೆಂದಾರು? ಉತ್ತರಕ್ಕೆ ಹಳೆಯ ಪಟ್ಟಣದ ಚೌಕಕ್ಕೆ ಹೋಗಬೇಕು. ಅಲ್ಲಿ ಗಂಟೆಗೊಮ್ಮೆ ಜನಸಮೂಹ 1410ರ ಖಗೋಳ ಗಡಿಯಾರದ ಮುಂದೆ ಫೋನ್ ಎತ್ತಿ ನಿಲ್ಲುತ್ತದೆ. ಅಸ್ಥಿಪಂಜರವೊಂದು ಗಂಟೆಯ ಹಗ್ಗ ಎಳೆಯುತ್ತದೆ, ಏಸುವಿನ ಶಿಷ್ಯರು ಎರಡು ಪುಟ್ಟ ಕಿಟಕಿಗಳಲ್ಲಿ ಮುಖ ತೋರಿಸಿ ಸರಿಯುತ್ತಾರೆ, ಹುಂಜ ಕೂಗುತ್ತದೆ. ಇಷ್ಟೇನೇ ಎಂದು ಅಕ್ಕಪಕ್ಕದವರು ಮುಖ ನೋಡಿಕೊಳ್ಳುವಷ್ಟರಲ್ಲಿ ಆಟ ಮುಗಿದಿರುತ್ತದೆ. ಆ ಶಿಷ್ಯರು ಯುದ್ಧಾನಂತರ ಹೊಸದಾಗಿ ಕೆತ್ತಿದವರು. ಮುಂಚಿನವರು 1945ರ ಮೇ ತಿಂಗಳ ದಂಗೆಯ ಬೆಂಕಿಗೆ ಆಹುತಿಯಾದರು. ಅದೇ ಬೆಂಕಿಯಲ್ಲಿ, ಗಡಿಯಾರವಿರುವ ಹಳೆಯ ಪಟ್ಟಣದ ಪುರಭವನದ ಒಂದು ಇಡೀ ಪಾರ್ಶ್ವ ಬಿತ್ತು. ಅದನ್ನು ಮತ್ತೆ ಕಟ್ಟಲೇ ಇಲ್ಲ. ಈಗ ಅಲ್ಲಿ ಹುಲ್ಲುಹಾಸು, ಮರ, ಬೆಂಚು. ಗಡಿಯಾರಕ್ಕೆ ಕಾದು ಸುಸ್ತಾದವರು ಪುರಭವನದ ಒಳಗೇ ಕೂತಿದ್ದೇವೆಂದು ತಿಳಿಯದೆ ಅಲ್ಲಿ ಐಸ್‌ಕ್ರೀಂ ತಿನ್ನುತ್ತಾರೆ. ಅಲ್ಲಿಂದ ಕೆಲವೇ ಹೆಜ್ಜೆಗೆ ನೆಲದ ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ: 1618ರ ಬಂಡಾಯ ಸೋತ ಮೇಲೆ, 1621ರ ಜೂನ್ 21ರಂದು ಇದೇ ಚೌಕದಲ್ಲಿ ಪ್ರಾಣ ಕಳೆದುಕೊಂಡ 27 ಮಂದಿಯ ಲೆಕ್ಕ. ಚೌಕದ ನಡುವೆ ನೆಲದಲ್ಲಿ ಒಂದು ಲೋಹದ ಗೆರೆಯೂ ಇದೆ. 1650ರಲ್ಲಿ ನಿಲ್ಲಿಸಿದ ಮೇರಿಮಾತೆಯ ಕಂಬದ ನೆರಳು ನಡುಮಧ್ಯಾಹ್ನ ಆ ಗೆರೆಯ ಮೇಲೆ ಬೀಳುತ್ತಿತ್ತು. ಊರಿನ ಸಮಯ ಅದರಿಂದ ಗೊತ್ತಾಗುತ್ತಿತ್ತು. 1918ರ ನವೆಂಬರ್ 3ರಂದು, ಸ್ವಾತಂತ್ರ್ಯ ಘೋಷಣೆಯಾಗಿ ವಾರ ತುಂಬುವುದರೊಳಗೆ, ಇದು ಹ್ಯಾಬ್ಸ್‌ಬರ್ಗ್ ದೊರೆತನದ ಗುರುತು ಎಂದು ಜನ ಕಂಬಕ್ಕೆ ಹಗ್ಗ ಬಿಗಿದು ಎಳೆದು ಬೀಳಿಸಿದರು. 2020ರಲ್ಲಿ ಅದರ ಪ್ರತಿಕೃತಿಯನ್ನು ಮತ್ತೆ ನಿಲ್ಲಿಸಿದರು. ಎದ್ದದ್ದು, ಬಿದ್ದದ್ದು, ಮತ್ತೆ ಎದ್ದದ್ದು ಎಲ್ಲ ಒಂದೇ ಚೌಕದ ನೆಲದ ಮೇಲೆ ಬರೆದಿರುವಾಗ ಬಯಲು ಎನ್ನುವುದು ಅನ್ಯಾಯ.

ಅತಿ ದೊಡ್ಡ ಬೀಳು ನದಿಯಾಚೆ ಲೆಟ್ನಾ ದಿಬ್ಬದ ಮೇಲೆ ಆಯಿತು. ಸ್ಟಾಲಿನ್ ಸತ್ತು ಎರಡು ವರ್ಷದ ಮೇಲೆ, 1955ರ ಮೇ 1ರಂದು, ಅಲ್ಲಿ 15 ಮೀಟರಿಗೂ ಎತ್ತರದ ಕಲ್ಲಿನ ಸ್ಟಾಲಿನ್ ಅನಾವರಣಗೊಂಡ. ಅವನ ಬೆನ್ನಿಗೆ ಒಬ್ಬರ ಹಿಂದೊಬ್ಬರಂತೆ ಕಾರ್ಮಿಕರು, ಸೈನಿಕರು ನಿಂತಿದ್ದರು. ಶಿಲ್ಪದ ಉದಾತ್ತ ಅರ್ಥವನ್ನು ಸರ್ಕಾರ ವಿವರಿಸುವ ಮೊದಲೇ ಊರಿನವರು ಅದಕ್ಕೆ 'ಮಾಂಸದಂಗಡಿಯ ಕ್ಯೂ' ಎಂದು ಹೆಸರಿಟ್ಟಿದ್ದರು. ಅಂದಿನ ದಿನಗಳಲ್ಲಿ ಅಷ್ಟು ಶಿಸ್ತಾಗಿ ಜನ ನಿಲ್ಲುತ್ತಿದ್ದದ್ದು ಅಲ್ಲಿ ಮಾತ್ರ. ಮರುವರ್ಷವೇ ಮಾಸ್ಕೋದಲ್ಲಿ ಕ್ರುಶ್ಚೇವ್ ಸ್ಟಾಲಿನ್‌ನ ತಪ್ಪುಗಳ ಪಟ್ಟಿ ಓದಿದ. ಪ್ರಾಗ್‌ನ ಆಡಳಿತಕ್ಕೆ ಪೇಚಾಟಕ್ಕಿಟ್ಟುಕೊಂಡಿತು. ಸಾವಿರಾರು ಟನ್ ಕಲ್ಲನ್ನು ಮೇಜಿನ ಕೆಳಗೆ ಬಚ್ಚಿಡಲು ಬರುವುದಿಲ್ಲ. ಕೊನೆಗೆ 1962ರಲ್ಲಿ ಸಿಡಿಮದ್ದಿಟ್ಟು ಉಡಾಯಿಸಿದರು. ಉಳಿದ ಪೀಠದ ಮೇಲೆ 1991ರಿಂದ ಸಂಗೀತಗಾರರು ತಾಳ ಹಿಡಿಯಲು ಬಳಸುವ ಮೆಟ್ರೊನೋಮಿನ ದೈತ್ಯರೂಪವೊಂದು ಅತ್ತಿತ್ತ ತೂಗುತ್ತಿದೆ. ನಡುವೆ 1996ರಲ್ಲಿ ಸಂಗೀತಯಾತ್ರೆಯ ಪ್ರಚಾರಕ್ಕೆಂದು ಮೈಕಲ್ ಜಾಕ್ಸನ್ನನ ಭಾರಿ ಪ್ರತಿಮೆಯೂ ಅಲ್ಲಿ ಕೆಲಕಾಲ ನಿಂತು ಹೋಯಿತು. ಪೀಠ ಖಾಲಿ ಇದ್ದರೆ ನಿಲ್ಲುವವರಿಗೇನು ಬರವೇ?

ಎಲ್ಲ ಊರಲ್ಲೂ ಏನೇನೋ ಬಿದ್ದಿರುತ್ತದೆ, ಪ್ರಾಗ್‌ನದೇನು ವಿಶೇಷ ಎಂದು ಕೇಳುವವರಿದ್ದಾರೆ. ರೋಮ್ ಬೀಳಲಿಲ್ಲವೇ, ಪ್ಯಾರಿಸ್ಸಿನ ಬಾಸ್ಟೀಲ್ ಉರುಳಲಿಲ್ಲವೇ? ನಿಜ. ಆದರೆ ರೋಮ್ ಬೀಳಲು ಶತಮಾನಗಳೇ ಹಿಡಿದವು. ಎರಡು ದಿನದ ರಜೆಯಲ್ಲಿ ಅಷ್ಟು ನಿಧಾನದ ಬೀಳನ್ನು ಅನುಸರಿಸಲಾಗದು. ವಾರ್ಸಾದಂಥ ಊರು ಎರಡನೆಯ ಮಹಾಯುದ್ಧದಲ್ಲಿ ಬಹುಪಾಲು ನೆಲಸಮವಾಯಿತು. ಎಲ್ಲವೂ ಬಿದ್ದ ಕಡೆ ಇಂಥದ್ದು ಬಿತ್ತು ಎಂದು ಬೆರಳು ಮಾಡಿ ತೋರಿಸುವುದು ಕಷ್ಟ. ಪ್ರಾಗ್ ಯುದ್ಧದಿಂದ ಹೆಚ್ಚು ಜಖಂ ಆಗದೆ ಉಳಿದುಕೊಂಡಿತು. ಹಾಗಾಗಿ ಇಲ್ಲಿ ಪ್ರತಿಯೊಂದು ಬೀಳಿಗೂ ವಿಳಾಸವಿದೆ, ತಾರೀಕಿದೆ. 1945ರ ಫೆಬ್ರುವರಿ 14ರಂದು ಡ್ರೆಸ್ಡೆನ್‌ಗೆ ಹೊರಟಿದ್ದ ಅಮೆರಿಕದ ವಿಮಾನಗಳು ದಾರಿ ತಪ್ಪಿ ಇಲ್ಲಿ ಬಾಂಬು ಸುರಿಸಿದವು. ನೂರಾರು ಜನ ಸತ್ತರು. ಅಂದು ನದೀದಂಡೆಯಲ್ಲಿ ಬಿದ್ದ ಒಂದು ಮನೆಯ ನಿವೇಶನ ದಶಕಗಳ ಕಾಲ ಖಾಲಿ ಇತ್ತು. 1996ರಲ್ಲಿ ವ್ಲಾಡೊ ಮಿಲುನಿಚ್ ಮತ್ತು ಫ್ರಾಂಕ್ ಗೆರಿ ಅಲ್ಲಿ ಕಟ್ಟಿ ಮುಗಿಸಿದ್ದೇ 'ನರ್ತಿಸುವ ಮನೆ'. ಬಿದ್ದ ಮನೆಯ ಜಾಗದಲ್ಲಿ, ಈಗಲೋ ಆಗಲೋ ಬೀಳುವಂತೆ ಸೊಂಟ ಬಳುಕಿಸಿ ನಿಂತ ಕಟ್ಟಡ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ಬಿದ್ದವರನ್ನು ಕಂಡು ನಗುವುದು ಸರಿಯೇ? ಎಲ್ಲ ಬೀಳಿಗೂ ನಗಬೇಕೆಂದು ನಾನು ಹೇಳುತ್ತಿಲ್ಲ. ಈ ಊರೂ ಹೇಳುವುದಿಲ್ಲ. ವಿದೇಶಾಂಗ ಸಚಿವ ಯಾನ್ ಮಸಾರಿಕ್, ಕಮ್ಯುನಿಸ್ಟರು ಅಧಿಕಾರ ಹಿಡಿದ ಎರಡೇ ವಾರಕ್ಕೆ, 1948ರ ಮಾರ್ಚ್ 10ರಂದು, ಚೆರ್ನಿನ್ ಅರಮನೆಯ ತಮ್ಮ ಮನೆಯ ಕಿಟಕಿಯ ಕೆಳಗೆ ಶವವಾಗಿ ಸಿಕ್ಕರು. ಹಾರಿದರೋ, ಯಾರಾದರೂ ತಳ್ಳಿದರೋ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ. ವೆನ್ಸೆಸ್ಲಾಸ್ ಚೌಕದ ತುದಿಯಲ್ಲಿ, ರಾಷ್ಟ್ರೀಯ ಮ್ಯೂಸಿಯಂನ ಎದುರು, ಕಲ್ಲುಹಾಸನ್ನು ಉಬ್ಬಿಸಿಕೊಂಡು ಮಲಗಿದಂತಿರುವ ಒಂದು ಕಂಚಿನ ಶಿಲುಬೆಯಿದೆ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಊರು ಸೋತು ಸುಮ್ಮನಾಗುತ್ತಿದೆ ಎಂದು ನೊಂದು, 1969ರ ಜನವರಿ 16ರಂದು ಅಲ್ಲಿ ತನಗೆ ತಾನೇ ಬೆಂಕಿ ಹಚ್ಚಿಕೊಂಡ ಇಪ್ಪತ್ತು ವರ್ಷದ ವಿದ್ಯಾರ್ಥಿ ಯಾನ್ ಪಲಾಖ್‌ನ ನೆನಪು ಅದು. ಅದರ ಮುಂದೆ ಯಾರೂ ಜೋಕು ಹೇಳುವುದಿಲ್ಲ. ಅಧಿಕಾರದಿಂದ ಉರುಳಿದವರಿಗೆ ನಗೆ, ಅಧಿಕಾರದ ಕಾಲಡಿ ಉರುಳಿದವರಿಗೆ ಹೂವು: ಈ ಎರಡು ಲೆಕ್ಕವನ್ನು ಪ್ರಾಗ್ ಬೇರೆಬೇರೆಯಾಗಿ ಇಟ್ಟುಕೊಂಡಿದೆ. ಗೋಪುರಗಳನ್ನು ಎಷ್ಟು ನೋಡಿದರೂ ಈ ವ್ಯತ್ಯಾಸ ತಿಳಿಯದು. ಅವು ಗೆದ್ದವರು ಕಟ್ಟಿಸಿದ್ದು, ಸೋತವರ ಮಾತು ಅವುಗಳಿಗೆ ಬರುವುದಿಲ್ಲ.

ಇನ್ನು ಉಳಿದದ್ದು ಪಟ್ಟಿಯವರ ಆತಂಕ. ಹೀಗೆ ಅಲೆದರೆ ಕೋಟೆ, ಸೇತುವೆ, ಗಡಿಯಾರ ತಪ್ಪಿಹೋಗುವುದಿಲ್ಲವೇ? ಒಂದೂ ತಪ್ಪುವುದಿಲ್ಲ, ಬಿದ್ದದ್ದೆಲ್ಲ ಬಿದ್ದಿರುವುದು ಅವುಗಳ ಬುಡದಲ್ಲೇ. 22ನೇ ನಂಬರಿನ ಟ್ರಾಮ್ ಹತ್ತಿ ಕೋಟೆಯ ಮೇಲಕ್ಕೆ ಹೋಗಿ, ಮೊದಲ ದಿನ ಕಾಲ್ನಡಿಗೆಯಲ್ಲಿ ಇಳಿದು ಸೇತುವೆ ದಾಟಿ ಚೌಕ ಸೇರಿ. ಮರುದಿನ ವೆನ್ಸೆಸ್ಲಾಸ್ ಚೌಕ, ಹೊಸ ಪಟ್ಟಣದ ಪುರಭವನ, ನದೀದಂಡೆ, ಸಂಜೆಗೆ ಲೆಟ್ನಾ. ನಡುವೆ ಲುಸೆರ್ನಾ ಪ್ಯಾಸೇಜಿಗೆ ನುಗ್ಗುವುದನ್ನು ಮರೆಯಬೇಡಿ. ಚೌಕದಲ್ಲಿ ಸಂತ ವೆನ್ಸೆಸ್ಲಾಸ್ ಕುದುರೆಯ ಮೇಲೆ ಗಂಭೀರವಾಗಿ ಕೂತಿದ್ದರೆ, ಈ ಪ್ಯಾಸೇಜಿನ ಚಾವಣಿಯಿಂದ ಶಿಲ್ಪಿ ದಾವಿದ್ ಚೆರ್ನಿ ಒಂದು ಸತ್ತ ಕುದುರೆಯನ್ನು ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿದ್ದಾನೆ. ಸಂತ ಅದರ ಹೊಟ್ಟೆಯ ಮೇಲೆ ಅಷ್ಟೇ ಗಾಂಭೀರ್ಯದಿಂದ ಸವಾರಿ ಮಾಡುತ್ತಿದ್ದಾನೆ. ಕುದುರೆಗೆ ಆದದ್ದನ್ನು ಅವನಿಗೆ ಯಾರೂ ತಿಳಿಸಿಲ್ಲ. ನನ್ನ ವಾದವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಮಂಡಿಸಲಾರರು. ಕಡೆಯದಾಗಿ ಒಂದು ಕಿವಿಮಾತು: ಪ್ರಾಗ್‌ನ ಕಲ್ಲುಹಾಸು ಮಳೆ ಬಿದ್ದರೆ ಜಾರುತ್ತದೆ, ಬಿಯರ್ ಕುಡಿದರೆ ಇನ್ನಷ್ಟು ಜಾರುತ್ತದೆ. ಒಳ್ಳೆಯ ಹಿಡಿತವಿರುವ ಶೂ ಹಾಕಿಕೊಳ್ಳಿ. ಅಷ್ಟಾದರೂ ಬಿದ್ದರೆ ನಾಚಿಕೊಳ್ಳಬೇಡಿ. ಒಬ್ಬ ಗುಮಾಸ್ತ ಬಿದ್ದು ಬಿರುದು ಸಂಪಾದಿಸಿದ ಊರಿನಲ್ಲಿ ನಿಮಗೊಂದು ಬ್ಯಾಂಡೇಜಾದರೂ ಸಿಕ್ಕೇ ಸಿಗುತ್ತದೆ.