‘ಕಹಿ ಅಂತಲೇ ಬರೆದುಕೊ ಮಾರಾಯ’

ಮೀನೂಟದ ವಿಶೇಷಾಂಕಕ್ಕೆ ಸಂಪಾದಕರು ಕೆಲಸ ಹಂಚಿದಾಗ ಅಂಜಲ್, ಕಾಣೆ, ಬಂಗುಡೆಗಳೆಲ್ಲ ಹಿರಿಯ ವರದಿಗಾರರ ಪಾಲಾದವು. ನನಗೆ ಉಳಿದದ್ದು ‘ಅಳಿದುಹೋದ ಕಡಲ ಜೀವಿಗಳ ರುಚಿ’. ತಿಂದವರು ಯಾರೂ ಉಳಿದಿಲ್ಲವಾದ್ದರಿಂದ ತಿನ್ನಿಸಿಕೊಂಡವರನ್ನೇ ಕೇಳೋಣವೆಂದು ಉಡುಪಿಯ ಒಂದು ಮನೆಯ ದೇವರ ಕೋಣೆಗೆ ಹೋದೆ. ಅಲ್ಲಿ ಒಬ್ಬರು ಅಮೊನೈಟ್ ಇದ್ದಾರೆ. ಸಾಲಿಗ್ರಾಮ ಎಂದರೆ ಬೇಗ ಗೊತ್ತಾಗುತ್ತದೆ: ನೇಪಾಳದ ಕಾಳಿ ಗಂಡಕಿಯಲ್ಲಿ ಸಿಗುವ, ಒಳಗೆ ಚಕ್ರವಿರುವ ಕಪ್ಪು ಕಲ್ಲು. ಆ ಚಕ್ರ ಸುಮಾರು 15 ಕೋಟಿ ವರ್ಷಗಳ ಹಿಂದೆ ಟೆಥಿಸ್ ಸಾಗರದಲ್ಲಿ ಈಜಾಡಿಕೊಂಡಿದ್ದ, ಬೊಂಡಾಸಿನ ಕುಲಕ್ಕೆ ಸೇರಿದ ಜೀವಿಯ ಚಿಪ್ಪಿನ ಗುರುತು. ಸ್ನಾನ ಮಾಡಿ ಬರಬೇಕು, ಹೊಸ್ತಿಲಾಚೆಯೇ ಕೂರಬೇಕು, ಪ್ರಶ್ನೆಗಳನ್ನು ಮೆಲ್ಲಗೆ ಕೇಳಬೇಕು ಎಂಬ ಷರತ್ತಿನ ಮೇಲೆ ಸಂದರ್ಶನಕ್ಕೆ ಒಪ್ಪಿಗೆ ಸಿಕ್ಕಿತು.

ಪ್ರಶ್ನೆ: ತಮ್ಮನ್ನು ಏನೆಂದು ಕರೆಯಲಿ? ಸ್ವಾಮಿ ಅನ್ನಲೋ, ಅಜ್ಜ ಅನ್ನಲೋ, ಅಜ್ಜಿ ಅನ್ನಲೋ?

ಅಜ್ಜ: ಅಜ್ಜ ಸಾಕು. ನಮ್ಮಲ್ಲಿ ದೊಡ್ಡ ಚಿಪ್ಪು ಹೆಂಗಸರದ್ದು, ಪುಟ್ಟದು ಗಂಡಸರದ್ದು. ನಿಮ್ಮ ವಿಜ್ಞಾನಿಗಳು ತುಂಬ ಕಾಲ ಗಂಡ ಹೆಂಡತಿಯನ್ನು ಎದುರೆದುರು ಇಟ್ಟುಕೊಂಡು, ಇವರಿಬ್ಬರೂ ಬೇರೆ ಬೇರೆ ಜಾತಿ ಎಂದು ಎರಡೆರಡು ಹೆಸರು ಬರೆದರು. ನಾವು ಅಂತರ್ಜಾತಿ ಮದುವೆ ಆದದ್ದು ನಮಗೇ ಗೊತ್ತಿರಲಿಲ್ಲ.

ಪ್ರಶ್ನೆ: ಇಲ್ಲಿ ಎಲ್ಲ ಅನುಕೂಲವಾಗಿದೆಯೇ?

ಅಜ್ಜ: ಸಂಪುಟದಲ್ಲಿ ಸ್ಥಾನ ಉಂಟು, ಖಾತೆ ಇಲ್ಲ. ಪುನಾರಚನೆಯ ಹೆದರಿಕೆಯೂ ಇಲ್ಲ. ದಿನಾ ಅಭಿಷೇಕ, ನೈವೇದ್ಯ, ಹಬ್ಬಕ್ಕೆ ಹಯಗ್ರೀವ. ಚಾತುರ್ಮಾಸ್ಯ ಬಂತೆಂದರೆ ಮಾತ್ರ ಸ್ವಲ್ಪ ಕಷ್ಟ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೇದರಲ್ಲಿ ಮೊಸರಿಲ್ಲ, ಮೂರನೇದರಲ್ಲಿ ಹಾಲಿಲ್ಲ, ನಾಲ್ಕನೇದರಲ್ಲಿ ಬೇಳೆ ಇಲ್ಲ. ಆದರೂ ದೂರುವುದಿಲ್ಲ. ಸಮುದ್ರದಲ್ಲಿದ್ದಾಗ ಬಡಿಸುವವರೇ ಇರಲಿಲ್ಲ.

ಪ್ರಶ್ನೆ: ಕರ್ನಾಟಕದಲ್ಲಿ ನಿಮ್ಮವರು ಬೇರೆ ಯಾರಾದರೂ?

ಅಜ್ಜ: ನಿಮ್ಮ ರಾಜ್ಯದ ಬಂಡೆ ಬಹುಪಾಲು ನನಗಿಂತ ಎಷ್ಟೋ ಹಳೆಯದು, 250 ಕೋಟಿ ವರ್ಷ ದಾಟಿದ್ದು. ಅದು ಗಟ್ಟಿಯಾಗುವಾಗ ಚಿಪ್ಪೆಂಬ ಸಂಗತಿಯೇ ಜಗತ್ತಿನಲ್ಲಿ ಇರಲಿಲ್ಲ. ಹಾಗಾಗಿ ಇಲ್ಲಿ ನಮ್ಮವರು ಯಾರಿದ್ದರೂ ಹೊರಗಿನಿಂದ ಬಂದವರೇ. ಹತ್ತಿರದ ಬಳಗ ಬೇಕಾದರೆ ತಮಿಳುನಾಡಿನ ಅರಿಯಲೂರಿಗೆ ಹೋಗು, ಇಲ್ಲ ಗುಜರಾತಿನ ಕಚ್ಛಕ್ಕೆ. ಅವರಿಗೆ ಪೂಜೆ ಗೀಜೆ ಇಲ್ಲ, ಬಿಸಿಲಿನಲ್ಲಿ ಬಿದ್ದಿದ್ದಾರೆ. ಇಂಗ್ಲೆಂಡಿನ ವಿಟ್ಬಿಯಲ್ಲಿ ಇನ್ನೊಂದು ಶಾಖೆ ಉಂಟು. ಅಲ್ಲಿ ಹಿಲ್ಡಾ ಎಂಬ ಸಂತ ಮಹಿಳೆ ಊರಿನ ಹಾವುಗಳನ್ನೆಲ್ಲ ಕಲ್ಲು ಮಾಡಿದಳಂತೆ, ಆ ಹಾವುಗಳೇ ನಾವಂತೆ. ಕಲ್ಲಿನ ಹಾವಿಗೆ ತಲೆ ಕಾಣುವುದಿಲ್ಲವಲ್ಲ ಎಂದು ಅಂಗಡಿಯವರು ತಲೆ ಕೆತ್ತಿ ಮಾರಿದರು. ಒಂದೂರಲ್ಲಿ ವಿಷ್ಣು, ಇನ್ನೊಂದೂರಲ್ಲಿ ಹಾವು. ನಿನಗೆ ಮಾತ್ರ ನಾನು ಪಲ್ಯವಾಗಿ ಕಾಣುತ್ತಿದ್ದೇನೆ.

ಪ್ರಶ್ನೆ: ಕ್ಷಮಿಸಿ, ವಿಷಯಕ್ಕೆ ಬರಬೇಕು ಅಂತಲೇ ಇದ್ದೆ. ಅಜ್ಜಾ, ನಿಮ್ಮ ರುಚಿ...

ಅಜ್ಜ: ಮೆಲ್ಲಗೆ ಮಾರಾಯ, ಒಳಗೆ ಭಟ್ಟರಿದ್ದಾರೆ. ಮನುಷ್ಯ ಯಾವ ಜೀವಿಯನ್ನು ಕಂಡರೂ ಕೇಳುವ ಮೊದಲ ಪ್ರಶ್ನೆ ಇದೇ ಇರಬೇಕು. ಆಕ್ಸ್‌ಫರ್ಡಿನ ಬಕ್‌ಲಂಡ್ ಎಂಬ ಭೂವಿಜ್ಞಾನಿ ಗೊತ್ತುಂಟಾ? 1824ರಲ್ಲಿ ಮೆಗಲೋಸಾರಸ್‌ಗೆ ಹೆಸರಿಟ್ಟವನು. ಪ್ರಾಣಿಲೋಕವನ್ನೇ ಒಂದು ಕಡೆಯಿಂದ ತಿಂದು ಮುಗಿಸುವ ಹಟ ತೊಟ್ಟಿದ್ದ. ಹೆಗ್ಗಣದ ಹಾಗೆ ಮಣ್ಣು ತೋಡುವ ಮೋಲ್ ಅತಿ ಕೆಟ್ಟ ರುಚಿ ಅಂದುಕೊಂಡಿದ್ದ, ಆಮೇಲೆ ನೀಲಿ ನೊಣ ತಿಂದು ತೀರ್ಪು ಬದಲಿಸಿದ. ನನ್ನ ಬಳಗದ ಒಬ್ಬನಿಗೆ ಆತನ ಹೆಸರೇ ಇಟ್ಟಿದ್ದಾರೆ, ಏರಿಯೆಟೈಟಿಸ್ ಬಕ್‌ಲಂಡಿ ಅಂತ. ನಾವು ಆರು ಕೋಟಿ ವರ್ಷ ಮೊದಲೇ ಹೊರಟದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಹೆಸರು ಇಡುವ ಮೊದಲು ಬಾಯಿಗಿಡುತ್ತಿದ್ದ.

ಪ್ರಶ್ನೆ: ಅಳಿದುಹೋದ ಪ್ರಾಣಿಯ ಮಾಂಸವನ್ನು ನಿಜಕ್ಕೂ ತಿಂದವರು ಇದ್ದಾರಂತಲ್ಲ?

ಅಜ್ಜ: ತಿಂದೆವೆಂದು ಹೇಳಿಕೊಂಡವರು ಇದ್ದಾರೆ. 1951ರಲ್ಲಿ ನ್ಯೂಯಾರ್ಕಿನ ಎಕ್ಸ್‌ಪ್ಲೋರರ್ಸ್ ಕ್ಲಬ್ಬಿನವರು ದೊಡ್ಡ ಔತಣ ಇಟ್ಟರು. ಹಿಮಯುಗದ ಪ್ರಾಣಿ ಬಡಿಸಿದರು ಅಂತ ಸುದ್ದಿ. ಕೆಲವರು ಮ್ಯಾಮತ್ ಅಂದರು, ಕೆಲವರು ನೆಲದ ಮೇಲಿನ ದೈತ್ಯ ಸ್ಲಾತ್ ಅಂದರು. ಊಟಕ್ಕೆ ಬರಲಾಗದ ಒಬ್ಬ ಸದಸ್ಯ ತನ್ನ ಪಾಲಿನ ತುಂಡನ್ನು ತರಿಸಿಕೊಂಡು ಸೀಸೆಯಲ್ಲಿ ಹಾಕಿಟ್ಟ. 2016ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಡಿಎನ್‌ಎ ನೋಡಿದರೆ ಅದು ಹಸಿರು ಕಡಲಾಮೆ! ಉಂಡವರು ಅರವತ್ತು ವರ್ಷ ಎದೆಯುಬ್ಬಿಸಿ ನಡೆದಿದ್ದರು. ಬಾಯಿಗೆ ಇತಿಹಾಸ ಗೊತ್ತಾಗುವುದಿಲ್ಲ ನೋಡು, ಪರಿಚಾರಕ ಹೇಳಿದ್ದೇ ಗೊತ್ತಾಗುವುದು.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಸವಿದ ಸಾಕ್ಷಿ ಯಾರೂ ಇಲ್ಲ?

ಅಜ್ಜ: ಒಬ್ಬ ಇದ್ದ, ಮೊಸಸಾರ್ ಅಂತ ದೈತ್ಯ ಕಡಲ ಹಲ್ಲಿ. ದಕ್ಷಿಣ ಡಕೋಟದಲ್ಲಿ ನಮ್ಮವನೊಬ್ಬನ ಚಿಪ್ಪಿನ ಮೇಲೆ ಸಾಲಾಗಿ ತೂತು ಸಿಕ್ಕಿ, ಇದು ಮೊಸಸಾರ್ ಹದಿನಾರು ಸಲ ಕಚ್ಚಿದ ಗುರುತು ಎಂದು 1960ರಲ್ಲಿ ಇಬ್ಬರು ಪ್ರಬಂಧ ಬರೆದರು. ಹದಿನಾರು ಸಲ ಎಂದರೆ ರುಚಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಉಂಟಾ? ನಾವೂ ಹೆಮ್ಮೆಪಟ್ಟೆವು. ಆಮೇಲೆ 1998ರಲ್ಲಿ ಬೇರೆಯವರು ಬಂದು, ಇಂಥ ತೂತುಗಳು ಹಲ್ಲಿನವಲ್ಲ, ಚಿಪ್ಪಿಗೆ ಅಂಟಿ ಕೂತಿದ್ದ ಲಿಂಪೆಟ್ ಹುಳುಗಳು ಕೊರೆದವು ಅಂದರು. ವಾದ ಇನ್ನೂ ನಡೆದಿದೆ. ಸಾಕ್ಷಿ ಕಟಕಟೆ ಹತ್ತಿದ ಮೇಲೆ ಮಾತು ತಿರುಗಿಸುವುದು ನಿಮ್ಮ ಕೋರ್ಟಿನಲ್ಲಿ ಮಾತ್ರ ಅಂದುಕೊಂಡಿದ್ದೆ.

ಪ್ರಶ್ನೆ: ಊಹೆಯಾದರೂ ಮಾಡಬಹುದಲ್ಲ? ನಿಮ್ಮನ್ನು ನೋಡಿದರೆ ಈಗಿನ ನಾಟಿಲಸ್ ತದ್ರೂಪು. ಫಿಲಿಪ್ಪೀನ್ಸಿನಲ್ಲಿ ಅದನ್ನು ತಿನ್ನುತ್ತಾರಂತೆ.

ಅಜ್ಜ: ಮುಖ ನೋಡಿ ನೆಂಟಸ್ತಿಕೆ ಹೇಳಬೇಡ. ಸುರುಳಿ ಚಿಪ್ಪು ಒಂದೇ ಥರ ಇದ್ದರೂ ನಾಟಿಲಸ್ ದೂರದ ದಾಯಾದಿ. ನಮಗೆ ಹತ್ತಿರದವರು ಬೊಂಡಾಸ್, ಕಟಲ್‌ಫಿಶ್, ಆಕ್ಟೋಪಸ್‌ಗಳೇ, ಚಿಪ್ಪು ಕಳಚಿಟ್ಟು ಬೆತ್ತಲೆ ತಿರುಗುವ ತಮ್ಮಂದಿರ ಮಕ್ಕಳು. ಅವರ ಮಾಂಸ ನಸುಸಿಹಿ ಎಂದು ನಿಮಗೇ ಗೊತ್ತು. ಯಾಕೆ ಸಿಹಿ ಗೊತ್ತುಂಟಾ? ಸಮುದ್ರದ ಉಪ್ಪಿಗೆ ಸರಿಸಮನಾಗಿ ನಿಲ್ಲಲು ಜೀವಕೋಶದೊಳಗೆ ಗ್ಲೈಸಿನ್‌ನಂಥ ಅಮೈನೊ ಆಮ್ಲಗಳನ್ನು ತುಂಬಿಕೊಂಡಿರುತ್ತಾರೆ, ಅದೇ ನಿಮ್ಮ ನಾಲಗೆಗೆ ಸಿಹಿ. ಸೀಗಡಿಯದ್ದೂ ಇದೇ ಕಥೆ. ತೊರಕೆ, ತಾಟೆಗಳು ಅದೇ ಕೆಲಸಕ್ಕೆ ಯೂರಿಯ ಇಟ್ಟುಕೊಳ್ಳುತ್ತವೆ. ಸತ್ತು ಒಂದಿಷ್ಟು ಹೊತ್ತಾದರೆ ಆ ಯೂರಿಯ ಅಮೋನಿಯ ಆಗಿ, ಮಾರುಕಟ್ಟೆಯಲ್ಲಿ ನೀನು ಮೂಗು ಮುಚ್ಚುತ್ತೀ.

ಪ್ರಶ್ನೆ: ದೈತ್ಯ ಸ್ಕ್ವಿಡ್ ಕೂಡ ನಿಮ್ಮ ಕಡೆಯವರೇ. ಅದು ಕಹಿ ಎನ್ನುತ್ತಾರೆ.

ಅಜ್ಜ: ಕಹಿಯೇ. ಅವನಿಗೆ ತೇಲುವ ವ್ಯವಸ್ಥೆ ಬೇರೆ ಇಲ್ಲ, ಮೈತುಂಬ ಅಮೋನಿಯಂ ಉಪ್ಪು ತುಂಬಿಕೊಂಡು ಹಗುರಾಗುತ್ತಾನೆ. ನಮಗೆ ಆ ಗತಿ ಇರಲಿಲ್ಲ. ಚಿಪ್ಪಿನ ತುದಿಯ ಒಂದು ಕೋಣೆಯಲ್ಲಿ ನಾವು, ಹಿಂದಿನ ಕೋಣೆಗಳ ತುಂಬ ಗಾಳಿ. ಅಮೋನಿಯದ ಹಂಗೇ ಇಲ್ಲ. ಊಟ ಕೂಡ ನಾಜೂಕು. 2011ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬಾಕ್ಯುಲೈಟಿಸ್ ಎಂಬ ನಮ್ಮ ನೇರ ಚಿಪ್ಪಿನವನ ಬಾಯಿಗೆ ಎಕ್ಸ್‌ರೇ ಹಾಯಿಸಿದಾಗ ಹಲ್ಲಿನ ನಡುವೆ ಸಿಕ್ಕಿದ್ದು ಪುಟಾಣಿ ಸಂಧಿಪದಿ, ಮರಿ ಬಸವನಹುಳು. ಕೊಳೆತದ್ದು, ಹಳಸಿದ್ದು ಮುಟ್ಟಿದವರಲ್ಲ.

ಪ್ರಶ್ನೆ: ಅಂದರೆ ನೀವು ಸಿಹಿ! ಸುಕ್ಕ ಮಾಡಬೇಕೋ, ಪುಳಿಮುಂಚಿಯೋ? ಘೀ ರೋಸ್ಟ್ ಆದರೆ ನೀರ್‌ದೋಸೆ ಜೊತೆ...

ಅಜ್ಜ: ಲೆಕ್ಕ ಗೊತ್ತಿಲ್ಲದೆ ಮಸಾಲೆ ಅರೆಯಬೇಡ. ಬೊಂಡಾಸ್ ವೇಗಕ್ಕೆ ಹುಟ್ಟಿದವನು, ಮೈಯೆಲ್ಲ ಮಾಂಸದ ಗೋಡೆ. ನಾನು ನಿಧಾನಸ್ಥ. ಚಿಪ್ಪಿನ ಹಿಂದಿನ ಕೋಣೆಗಳೆಲ್ಲ ಬರೀ ಗಾಳಿ, ಉಳಿದದ್ದರಲ್ಲಿ ಕರುಳು, ಕಿವಿರು. ಮಾಂಸ ಎಂಬುದು ಬೆರಳೆಣಿಕೆ. ಪೇಟೆಯ ಚಿಪ್ಸ್ ಪೊಟ್ಟಣದ ವ್ಯಾಪಾರ ನನ್ನದು. ಜರ್ಮನಿಯ ಸೆಪ್ಪೆನ್‌ರಾಡೆಯಲ್ಲಿ 1895ರಲ್ಲಿ ಸಿಕ್ಕಿದ ಪ್ಯಾರಾಪುಜೋಸಿಯ ಆದರೆ ಬೇರೆ ಮಾತು. ಮುರಿದು ಉಳಿದ ಚಿಪ್ಪೇ 1.74 ಮೀಟರ್ ಅಗಲ. ಅದನ್ನು ಬೇಯಿಸುವ ಕೊಪ್ಪರಿಗೆ ಮಠದಿಂದಲೇ ಬಾಡಿಗೆಗೆ ತರಬೇಕು, ಯಾಕೆ ಅಂತ ಕೇಳಿದರೆ ಏನು ಹೇಳುತ್ತೀ? ಅಲ್ಲದೆ ನಮ್ಮ ಮೆತ್ತನೆ ಮೈ ಬಂಡೆಯಲ್ಲಿ ಉಳಿಯುವುದೇ ಅಪರೂಪ. ಕೈ ಎಂಟೋ ಹತ್ತೋ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಕೈಯೆಷ್ಟು ಗೊತ್ತಿಲ್ಲದವನ ಬೆರಳು ಚೀಪುವ ಆಸೆ ನಿನ್ನದು.

ಪ್ರಶ್ನೆ: ಒಟ್ಟಿನಲ್ಲಿ ಮನುಷ್ಯರು ಯಾರೂ ನಿಮ್ಮ ರುಚಿ ನೋಡಿಲ್ಲ ಎಂದು ಬರೆಯಬಹುದೇ?

ಅಜ್ಜ: ಯಾರು ಹೇಳಿದ್ದು? ನನಗೆ ಅಭಿಷೇಕ ಮಾಡಿದ ನೀರನ್ನು ಈ ಮನೆಯವರು ದಿನಾ ಮೂರು ಸಲ ಅಂಗೈಯಲ್ಲಿ ಹಿಡಿದು ಕುಡಿಯುತ್ತಾರೆ. ಕರ್ನಾಟಕದಲ್ಲಿ ಅಮೊನೈಟ್ ಸಾರು ಸವಿದಷ್ಟು ಜನ ಲೋಕದಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ. ರುಚಿ ಕೇಳಿದರೆ ತುಳಸಿ ಅನ್ನುತ್ತಾರೆ, ಅದು ಬೇರೆ.

ಪ್ರಶ್ನೆ: ನೀವು ಅಳಿದದ್ದು ಹೇಗೆ? ಯಾರಾದರೂ ತಿಂದು ಮುಗಿಸಿದರೇ?

ಅಜ್ಜ: ತಿಂದಿದ್ದರೆ ಸಮಾಧಾನವಾದರೂ ಇರುತ್ತಿತ್ತು. 33 ಕೋಟಿ ವರ್ಷಕ್ಕೂ ಮೇಲೆ ಬಾಳಿದೆವು ಮಾರಾಯ, ನಿಮ್ಮ ದೇವರುಗಳಿಗೆ ತಲೆಗೊಂದು ವರ್ಷದಂತೆ. 6.6 ಕೋಟಿ ವರ್ಷದ ಹಿಂದೆ ಮೆಕ್ಸಿಕೊದ ಯುಕಟಾನ್‌ಗೆ ಸುಮಾರು ಹತ್ತು ಕಿಲೋಮೀಟರ್ ಅಗಲದ ಆಕಾಶಗಲ್ಲು ಬಂದು ಬಿತ್ತು. ಬಿಸಿಲು ಹೋಯಿತು, ಸಮುದ್ರದ ಮೇಲ್ಪದರ ಹುಳಿಯಾಯಿತು, ತೇಲುವ ಸೂಕ್ಷ್ಮಜೀವಿಗಳು ಸತ್ತವು. ನಮ್ಮ ಮೊಟ್ಟೆ ಒಂದು ಮಿಲಿಮೀಟರಿನ ಆಸುಪಾಸು, ಮರಿಗಳು ಬೆಳೆಯುತ್ತಿದ್ದದ್ದು ಅದೇ ಮೇಲ್ಪದರದಲ್ಲಿ. ನಾಟಿಲಸ್ ಆಳದಲ್ಲಿ ದೊಡ್ಡ ಮೊಟ್ಟೆ ಇಡುವವನು, ಉಳಿದುಕೊಂಡ. ನಿಮ್ಮ ಬೆಳಗಾವಿ, ವಿಜಯಪುರದ ಕಪ್ಪು ಕಲ್ಲು ಕೂಡ ಅದೇ ಕಾಲಕ್ಕೆ ಲಾವಾ ಆಗಿ ಹರಿಯುತ್ತಿತ್ತು. ಅಪರಾಧ ಆಕಾಶಗಲ್ಲಿನದೋ ಲಾವಾದ್ದೋ ಎಂದು ಇನ್ನೂ ವಾದಿಸುತ್ತಾರೆ. ನನ್ನ ಅನುಮಾನ ಇಬ್ಬರ ಮೇಲೂ ಉಂಟು, ಆದರೆ ಕರ್ನಾಟಕದ ಉಪ್ಪು ತಿಂದಿದ್ದೇನೆ, ಹೆಚ್ಚು ಹೇಳಲಾರೆ.

ಪ್ರಶ್ನೆ: ಉಳಿದಿದ್ದರೆ ಚೆನ್ನಾಗಿತ್ತು ಅನ್ನಿಸುವುದಿಲ್ಲವೇ?

ಅಜ್ಜ: ಸ್ಟೆಲ್ಲರನ ಕಡಲಹಸುವಿನ ಕತೆ ಕೇಳಿದ ಮೇಲೆ ಅನ್ನಿಸುವುದಿಲ್ಲ. 1741ರಲ್ಲಿ ಬೇರಿಂಗ್ ದ್ವೀಪದಲ್ಲಿ ಹಡಗೊಡೆದು ಸಿಕ್ಕಿಬಿದ್ದ ಸ್ಟೆಲ್ಲರ್ ಅದನ್ನು ಕಂಡ. ಪಾಪದ ಪ್ರಾಣಿ, ಕಡಲ ಸೊಪ್ಪು ತಿಂದುಕೊಂಡಿತ್ತು. ಅದರ ಕೊಬ್ಬು ಬಾದಾಮಿ ಎಣ್ಣೆಯ ಹಾಗೆ, ಮಾಂಸ ದನದ ಮಾಂಸದ ಹಾಗೆ ಎಂದು ಬರೆದಿಟ್ಟ. ಬಾದಾಮಿ ಎಂದು ಬರೆದ ಮೇಲೆ ಉಳಿದೀತೇ? 1768ಕ್ಕೆ ಮುಗಿಯಿತು, ಇಪ್ಪತ್ತೇಳೇ ವರ್ಷ. ಈಗ ಸೀಲಾಕ್ಯಾಂತ್ ಮೀನು ನೋಡು. ನಮ್ಮ ಜೊತೆಗೇ ಸತ್ತಿತೆಂದು ಪುಸ್ತಕದಲ್ಲಿ ಬರೆದಾಗಿತ್ತು. 1938ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಲೆಗೆ ಬಿತ್ತು. ಮೈಯೆಲ್ಲ ಎಣ್ಣೆ, ತಿಂದರೆ ಹೊಟ್ಟೆ ಕೆಡುತ್ತದೆ. ಅದಕ್ಕೇ ಯಾರೂ ಅದರ ಹಿಂದೆ ಬಿದ್ದಿಲ್ಲ. ನಿಮ್ಮ ಕೈಯಿಂದ ತಪ್ಪಿಸಿಕೊಳ್ಳಲಿಕ್ಕೆ ಎರಡೇ ದಾರಿ, ಒಂದೋ ಹೇಸಿಗೆ ರುಚಿ ಇರಬೇಕು, ಇಲ್ಲ ಕಲ್ಲಾಗಿರಬೇಕು.

ಪ್ರಶ್ನೆ: ಕೊನೆಯ ಪ್ರಶ್ನೆ. ಮುಖಪುಟಕ್ಕೆ ನಿಮ್ಮ ರುಚಿಯ ಬಗ್ಗೆ ಒಂದು ಸಾಲು ಬೇಕು.

ಅಜ್ಜ: ಕಹಿ. ಅಮೋನಿಯ ವಾಸನೆ. ತಿಂದರೆ ಮೂರು ದಿನ ಭೇದಿ.

ಪ್ರಶ್ನೆ: ಅಜ್ಜಾ, ಈಗಷ್ಟೇ ಸಿಹಿ ಅಂದಿರಲ್ಲ! ಅಮೋನಿಯದ ಹಂಗೇ ಇಲ್ಲ ಅಂದಿರಿ, ಟೇಪಿನಲ್ಲಿದೆ.

ಅಜ್ಜ: ಕಹಿ ಅಂತಲೇ ಬರೆದುಕೊ ಮಾರಾಯ. ಮಲ್ಪೆ ಧಕ್ಕೆಯಲ್ಲಿ ನನ್ನ ತಮ್ಮನ ಮಕ್ಕಳು ದಿನಾ ಬುಟ್ಟಿಗಟ್ಟಲೆ ಇಳಿಯುತ್ತಾರೆ. ಅವರ ಹೆಸರಿನ ಮುಂದೆಯೂ ಅದನ್ನೇ ಸೇರಿಸು.

ಪ್ರಶ್ನೆ: ಬೊಂಡಾಸ್ ರುಚಿ ಊರಿಗೆಲ್ಲ ಗೊತ್ತು. ಸುಳ್ಳೆಂದು ತಿಳಿದೂ ಅಚ್ಚು ಹಾಕುವುದು ಹೇಗೆ?

ಅಜ್ಜ: ನೀನು ಪತ್ರಿಕೆಗೆ ಹೊಸಬನಾ?