ವೃದ್ಧ ಓಮ್ನಿಯ ಅಹವಾಲು

ಮೊನ್ನೆಯ ಮಳೆಯಲ್ಲಿ, ಮೇಲುಸೇತುವೆಯ ನಡುನೆತ್ತಿಯ ಮೇಲೆ ದೀಪವಾರಿ ಹಾರನ್ನಡಗಿ ನಿಶ್ಚೇಷ್ಟಿತವಾಗಿ, ಮನೆಗೆ ಮರಳುತ್ತಿದ್ದ ಸಮಸ್ತ ಜನರನ್ನೂ ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡ ವ್ಯಾನಿನ ವೃತ್ತಾಂತವನ್ನು ವಾಚಕರಿಗೆ ಪುನಃ ನಿರೂಪಿಸಬೇಕಾದುದಿಲ್ಲ. 1984ರಲ್ಲಿ ಅವತರಿಸಿ 2019ರಲ್ಲಿ ಸಂತಾನ ನಿಂತುಹೋದ ಆ ವಂಶದ ಕುಡಿ, ಈಗ ಜೆ.ಸಿ. ರಸ್ತೆಯ ಹಿಂದಣ ಗಲ್ಲಿಯೊಂದರಲ್ಲಿ ವಿಶ್ರಮಿಸುತ್ತಿದೆ.

ನಾನು: ತಾವು ಮುನ್ಸೂಚನೆಯಿಲ್ಲದೆ ಮೂರ್ಛೆಹೋದಿರೆಂದು ಆಪಾದನೆ.

ವ್ಯಾನು: ಮುನ್ಸೂಚನೆಯಿಲ್ಲದೆಯೆ! ಇಂಡಿಕೇಟರು ಹಾಕಿದರೆ ಅದೇ ಮೂಲೆಯ ಪಾರ್ಕಿಂಗ್ ದೀಪವೂ ಮಿಟುಕಿತು. ಬ್ರೇಕೊತ್ತಿದರೆ ಹಿಂದಣ ದೀಪಗಳು ಮಂಕಾದುವು. ಬಂದವರೆಲ್ಲರೂ ಬ್ಯಾಟರಿಯನ್ನೇ ಬದಲಿಸಿದರು. ಸ್ವಾಮಿ, ಹೋದ ಕರೆಂಟು ನನ್ನ ಒಡಲ ತಗಡಿನ ಮೂಲಕವೇ ಋಣಧ್ರುವಕ್ಕೆ ಹಿಂದಿರುಗಬೇಕು; ಆ ಅರ್ತ್ ವಯರಿನ ಬುಡದಲ್ಲಿ ತುಕ್ಕೂ ಕಿಲುಬೂ ಕೂಡಿ ದಾರಿ ಕಟ್ಟಿದರೆ, ಅದು ಪಕ್ಕದ ಬಲ್ಬುಗಳ ಮೂಲಕ ನುಸುಳದೆ ಮತ್ತೇನು ಮಾಡೀತು? ಸ್ಟಾರ್ಟರ್ ತಿರುಗುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಇಂಜಿನ್ನಿನ ಮೈಗೂ ಮುಟ್ಟಿಸಿದ್ದರೆ, ಮುಳ್ಳು ಅರ್ಧ ವೋಲ್ಟು ದಾಟಿದೊಡನೆಯೇ ಕಳ್ಳನು ಸಿಕ್ಕಿಬೀಳುತ್ತಿದ್ದನು.

ನಾನು: ಸಿನಿಮಾದಲ್ಲಿ ನಾಯಕಿಯನ್ನು ಅಪಹರಿಸುವ ಕಾರ್ಯಕ್ಕೆ ತಮ್ಮ ಕುಲವೇ ಏಕೆ ನೇಮಕವಾಯಿತೆಂಬುದು—

ವ್ಯಾನು: ಅದಿರಲಿ. ಅರ್ತ್ ವಿಷಯ—

ನಾನು: ಆಗಲಿ, ಆದರೆ ಎದುರು ಬರುವವನ ಕಣ್ಣಿಗೆ ಮಧ್ಯಾಹ್ನದ ಸೂರ್ಯನನ್ನೇ ಎರಚುವ ಈ ಬಿಳಿಯ ಎಲ್‌ಇಡಿ ದೀಪಗಳನ್ನು, ಊರೊಳಗಿನ ಬೀದಿದೀಪದ ಬೆಳಕಿನಲ್ಲಿಯೂ ಡಿಪ್ ಮಾಡದೆ ಉರಿಸಿಕೊಂಡು ಹೋಗುವ ಮಹಾಶಯರಿಗೆ, ಸ್ಟಿಯರಿಂಗಿನ ಬದಿಯಲ್ಲಿ ಅದಕ್ಕೆಂದೇ ಒಂದು ಕಡ್ಡಿಯಿರುವ ಸಂಗತಿಯನ್ನು ತಿಳಿಸುವವರಾರು? ನಾನು ಈ ಅಂಕಣದಲ್ಲಿ ಬರೆದು ಬರೆದು ಸೋತಿದ್ದೇನೆ.

ವ್ಯಾನು: ಆ ದೀಪಗಳನ್ನು ನನಗೂ ಕಟ್ಟಿದರು.

ನಾನು: ಶಿವಶಿವಾ! ತಾವೂ ಆ ಪಂಥದವರೆ?

ವ್ಯಾನು: ನನ್ನನ್ನು ಕೇಳಿ ಕಟ್ಟಿದರೆ? ರಿಲೇ ಇಲ್ಲದೆ, ಹಳೆಯ ವಯರನ್ನು ಕೊಯ್ದು ತಿರುಚಿ, ಟೇಪು ಸುತ್ತಿದರು. ಅದೇ ವಯರಿಗೆ ಸ್ಟೀರಿಯೋ, ಫ್ಯಾನು, ರಿವರ್ಸ್ ಸಂಗೀತ. 15 ಆಂಪಿಯರಿನ ಫ್ಯೂಸು ಹಾರಿತು. ಹಾರುವುದೇ ಅದರ ಧರ್ಮ. ಮತ್ತೊಂದು ಹಾಕಿದರು, ಅದೂ ಹಾರಿತು. ಮೂರನೆಯ ಬಾರಿಗೆ ಆ ಜಾಗದಲ್ಲಿ ತಾಮ್ರದ ತಂತಿಯನ್ನು ಸಿಕ್ಕಿಸಿದರು.

ನಾನು: ಆಗ ತಾವು ಯಾವ ಸೇವೆಯಲ್ಲಿದ್ದಿರಿ?

ವ್ಯಾನು: ಶಾಲೆಯ ಮಕ್ಕಳನ್ನು ಒಯ್ಯುತ್ತಿದ್ದೆ. ಆಸನದ ಹಿಂದೆ, ಅಡುಗೆಮನೆಯ ಸಿಲಿಂಡರಿನಿಂದ ಕದ್ದು ತುಂಬಿದ ಗ್ಯಾಸಿತ್ತು.

ಪರಿಹಾಸ ಇಲ್ಲಿಗೆ ಸಾಕು. ಒಂದು ಫ್ಯೂಸಿಗೆ ಒಂದು ಲೋಟ ಕಾಫಿಯಷ್ಟೂ ಬೆಲೆಯಿಲ್ಲ. ಆ ಹಣವನ್ನು ಉಳಿಸಿದವನಿಗೆ ತಂತಿ ಕರಗುವುದಿಲ್ಲವೆಂದೂ, ಅದರ ಬದಲು ವಯರಿನ ಹೊದಿಕೆಯೇ ಹೊತ್ತಿಕೊಳ್ಳುವುದೆಂದೂ ಗೊತ್ತಿತ್ತು. ಗೊತ್ತಿದ್ದೇ ಹಾಕಿದನು. ಅರ್ಹತಾಪತ್ರವಿತ್ತವನು ಫ್ಯೂಸ್ ಪೆಟ್ಟಿಗೆಯ ಮುಚ್ಚಳವನ್ನು ತೆರೆಯಲಿಲ್ಲ. ಮಕ್ಕಳನ್ನು ತೊಡೆಯ ಮೇಲೊಬ್ಬರಂತೆ ತುಂಬಿ ಕಳುಹಿಸಿದ ನಾವು, ತಿಂಗಳಿಗೆ ನೂರು ರೂಪಾಯಿ ಕಡಿಮೆಯೆಂದು ಸಂತೋಷಪಟ್ಟೆವು. ಸುಟ್ಟ ವಾಸನೆ ಬಂದಾಗ ಕಿಟಕಿ ತೆರೆಯೆಂದು ಮಕ್ಕಳಿಗೇ ಹೇಳಲಾಯಿತಂತೆ.

ವ್ಯಾನು: ಸ್ವಾಮಿ, ಕೈ ನಡುಗುತ್ತಿದೆ ತಮಗೆ. ಬರೆದದ್ದು ಸಾಕು, ಒಂದು ಸ್ಪ್ಯಾನರನ್ನೂ ತುಂಡು ಉಪ್ಪುಕಾಗದವನ್ನೂ ತನ್ನಿ. ಅರ್ತ್ ವಯರಿನ ಬುಡವನ್ನು ಲೋಹ ಹೊಳೆಯುವವರೆಗೂ ಉಜ್ಜಿ ಬಿಗಿಯಿರಿ.

ನಾನು: ತರುತ್ತೇನೆ, ಆದರೆ ಆ ಡಿಪ್ಪಿನ ವಿಷಯದಲ್ಲಿ ತಮ್ಮ ಅಭಿಪ್ರಾಯ—

ವ್ಯಾನು: ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ.